ಮರದ ಡೋವೆಲ್‌ಗೆ ಉಕ್ಕಿನ ಪ್ಲೇಟೋ, ಉಳಿ ಕೂರಿಸಿದ ಜಿಗ್ಗೋ?

ಕೇಳಿದ್ದು, ಡೋವೆಲ್ (ಮರದ ದುಂಡು ಕಡ್ಡಿ) ನಾವೇ ಮಾಡಿಕೊಳ್ಳೋಕೆ ತೂತು ಕೊರೆದ ಉಕ್ಕಿನ ಪ್ಲೇಟ್, ಉಳಿ ಕೂರಿಸಿದ ಜಿಗ್ (ಕಡ್ಡಿಯನ್ನ ಉಳಿಯ ಬಾಯಿಗೆ ಸರಿಯಾಗಿ ಒಯ್ಯೋ ಮರದ ಅಚ್ಚು), ಈ ಎರಡರಲ್ಲಿ ಯಾವುದು ಅಂತ. ಮೊದಲು ನಿಮಗೆ ಬೇಕಾದ ಡೋವೆಲ್ ಎಷ್ಟುದ್ದ ಅನ್ನೋದನ್ನ ನೋಡಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಇದೆ.

ಕೀಲು ಕೂಡಿಸೋಕೆ ನಾಲ್ಕೈದು ಸೆಂ.ಮೀ. ತುಂಡು ಸಾಕಾದರೆ ಪ್ಲೇಟ್. 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಗೆ 10, 9, 8 ಮಿ.ಮೀ. ಹೀಗೆ ಇಳಿಯುವ ತೂತು ಕೊರೆದು, ಸೀಳಿದ ಮರದ ಕಡ್ಡಿಯನ್ನ ಒಂದೊಂದರಲ್ಲೇ ಸುತ್ತಿಗೆಯಿಂದ ಹೊಡೆದು ಇಳಿಸೋದು. ಕೆಡೋಕೆ ಏನೂ ಇಲ್ಲ, ವರ್ಷಗಟ್ಟಲೆ ಬಾಳುತ್ತೆ. ಮೈ ಸ್ವಲ್ಪ ತರಿತರಿ ಇರುತ್ತೆ, ಒಳಗೆ ಹೋಗೋ ಡೋವೆಲ್‌ಗೆ ಅದು ತೊಂದರೆಯಲ್ಲ. ಉದ್ದ ಕಡ್ಡಿ ಮಾತ್ರ ಹೊಡೆಯುವಾಗಲೇ ಬಾಗುತ್ತೆ.

ಉದ್ದ ಬೇಕಿದ್ದರೆ ಜಿಗ್. ಗಟ್ಟಿ ಮರದ ತುಂಡಿಗೆ ಒಂದು ಬದಿ ದೊಡ್ಡ ತೂತು, ಇನ್ನೊಂದು ಬದಿ ಡೋವೆಲ್ ಅಳತೆಯದು. ಎರಡೂ ಸೇರುವ ಜಾಗದಲ್ಲಿ ಉಳಿಯ ಬಾಯಿ ಚಿಕ್ಕ ತೂತಿನ ಅಂಚನ್ನ ಮುಟ್ಟುವ ಹಾಗೆ ಕ್ಲ್ಯಾಂಪ್. ಚೌಕ ಕಡ್ಡಿಯನ್ನ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸ್ತಾ ತಳ್ಳಿದರೆ ಆಯಿತು. 10 ಮಿ.ಮೀ. ಚೌಕದ ಮೂಲೆಯಿಂದ ಮೂಲೆಗೆ 14 ಮಿ.ಮೀ. ದಾಟುತ್ತೆ, ಆದ್ದರಿಂದ ಒಳಹೋಗುವ ತೂತು 14.5 ಇರಲಿ. ತಲೆನೋವೆಲ್ಲ ಉಳಿ ಕೂರಿಸೋದರಲ್ಲೇ: ಕೂದಲೆಳೆ ಕೆಳಗಿಳಿದರೂ ಡೋವೆಲ್ ಸಡಿಲ, ಮೇಲಿದ್ದರೆ ಕಡ್ಡಿ ಸಿಕ್ಕಿಹಾಕಿಕೊಂಡು ಸುಡುವ ವಾಸನೆ. ಮರದ ತೂತು ದಿನ ಕಳೆದಂತೆ ಸವೆಯುತ್ತೆ ಕೂಡ.

ಖರ್ಚು ಎರಡಕ್ಕೂ ಅಲ್ಪವೇ, ಆದರೆ ಜಿಗ್ಗಿಗೆ ಡ್ರಿಲ್ ಬೇಕೇ ಬೇಕು. ಎಳೆ ಓರೆಯಾಗಿರೋ ಮರವನ್ನ ಎರಡಕ್ಕೂ ಹಾಕಬೇಡಿ.