ಅಪ್ಪ ಅಮ್ಮನನ್ನು ಇಲ್ಲಿನ ಕಾಡಿಗೆ ಕರೆದೊಯ್ಯುವ ಮುಂಚೆ ಇದನ್ನು ಓದಿ

ಬೋಸ್ಟನ್ ಸುತ್ತಮುತ್ತಲಿನ ಕನ್ನಡದವರೇ, ಬೇಸಿಗೆಗೆ ಊರಿಂದ ಹಿರಿಯರು ಬಂದಿದ್ದರೆ ದಯವಿಟ್ಟು ಎರಡು ನಿಮಿಷ ಕೊಡಿ. ಇದು ಇಲ್ಲಿನ ಉಣುಗು (ಉಣ್ಣೆ) ಕಚ್ಚಿ ಬರುವ ಲೈಮ್ ರೋಗದ ವಿಷಯ.

ಕಳೆದ ಜೂನ್‌ನಲ್ಲಿ ಸಾಗರದಿಂದ ಬಂದಿದ್ದ ಅಮ್ಮನನ್ನು ಪ್ಲಿಮತ್ ಬಳಿಯ ಮೈಲ್ಸ್ ಸ್ಟ್ಯಾಂಡಿಶ್ ಸ್ಟೇಟ್ ಫಾರೆಸ್ಟ್‌ಗೆ ಕರೆದುಕೊಂಡು ಹೋಗಿದ್ದೆ. 12,000 ಎಕರೆಗೂ ಮಿಕ್ಕಿದ ಪೈನ್ ಕಾಡು. ಹಿಮಯುಗದ ಮಂಜುಗಡ್ಡೆ ಕರಗಿ ಉಳಿದ ಗುಂಡಿಗಳೇ ಅಲ್ಲಿನ ಕೊಳಗಳು. ಅಮ್ಮನಿಗೆ ಊರು ನೆನಪಾಗಿ, ಸೀರೆ ಚಪ್ಪಲಿಯಲ್ಲೇ ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿದಳು. "ಇಲ್ಲಿ ಉಣುಗು ಇಲ್ವೇನೋ?" ಅಂತ ಅವಳೇ ಕೇಳಿದಳು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಸೀಮೆಯವಳು, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ಬೆಟ್ಟಕ್ಕೆ ಸೊಪ್ಪಿಗೆ ಹೋದವಳಲ್ಲ. "ಏನೂ ಆಗಲ್ಲ ಬಾ ಅಮ್ಮ" ಅಂದೆ. ಉಣುಗಿನ ಚಿತ್ರವಿದ್ದ ಬೋರ್ಡನ್ನು ದಾಟಿಕೊಂಡೇ ಬಂದಿದ್ದೆ.

ಹತ್ತು ದಿನಕ್ಕೆ ಜ್ವರ, ಮೈಕೈ ನೋವು. ಮೊಣಕಾಲ ಹಿಂದೆ ಅಂಗೈಯಗಲ ಕಲೆ. ಕ್ಲಿನಿಕ್ಕಿನಲ್ಲಿ ಹುಳ ಕಚ್ಚಿರಬೇಕೆಂದು ಮುಲಾಮು ಕೊಟ್ಟು ಕಳಿಸಿದರು. ಲೈಮ್ ರೋಗದ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಬಳೆಯಂಥ ಉಂಗುರ ಇರುತ್ತದೆ. ಅಮ್ಮನ ಕಾಲಲ್ಲಿ ಇದ್ದದ್ದು ರಕ್ತ ಹೆಪ್ಪುಗಟ್ಟಿದ ಹಾಗೆ ಕಂದಿದ ನೇರಳೆ ಬಣ್ಣ. ನಮ್ಮ ಚರ್ಮದ ಮೇಲೆ ಅದು ಹೀಗೂ ಕಾಣುತ್ತದೆ, ಇದೊಂದನ್ನು ನೆನಪಿಡಿ.

ಮೂರು ವಾರದ ನಂತರ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿ ಸೆರಗು ನೆನೆಯಿತು. ಬಲಗಣ್ಣು ಮುಚ್ಚುತ್ತಿರಲಿಲ್ಲ. ಪಾರ್ಶ್ವವಾಯು ಎಂದೇ ಎದೆ ಒಡೆದು ಆಸ್ಪತ್ರೆಗೆ ಓಡಿದೆ. "ಕಾಡಿಗೆ ಹೋಗಿದ್ರಾ?" ಎಂದು ಮೊದಲು ಕೇಳಿದ್ದು ಅಲ್ಲಿನ ನರ್ಸ್. ಲೈಮ್ ಎಂದು ಗೊತ್ತಾಯಿತು. 21 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ಮುಖ ಸರಿಹೋಗಲು ಎರಡು ತಿಂಗಳು.

ಮೇಯಿಂದ ಜುಲೈವರೆಗೆ ಕಾಡುವ ಮರಿ ಉಣುಗು ಗಸಗಸೆ ಕಾಳಿನಷ್ಟೇ. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ರೋಗ ಅಂಟುತ್ತದೆ. ಅದಕ್ಕೇ ಮನೆಗೆ ಬಂದ ಕೂಡಲೇ ಸ್ನಾನ ಮಾಡಿಸಿ, ಮೊಣಕಾಲ ಹಿಂದೆ, ಕಂಕುಳು, ತೊಡೆಸಂದಿ, ಕೂದಲ ಬುಡ, ಸೀರೆಯ ನೆರಿಗೆ ಸಿಕ್ಕಿಸುವ ಸೊಂಟ ನೋಡಿ. ಹಿರಿಯರು ನಾಚಿಕೊಂಡರೂ ಬಿಡಬೇಡಿ. ಬಟ್ಟೆಯನ್ನು ಒಗೆಯುವ ಮುಂಚೆ ಡ್ರೈಯರ್‌ನಲ್ಲಿ ಜೋರು ಬಿಸಿಗೆ 10 ನಿಮಿಷ ಹಾಕಿ. ಕಚ್ಚಿದ್ದು ಸಿಕ್ಕರೆ ಸೀಮೆಎಣ್ಣೆ, ಸುಣ್ಣ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. 72 ಗಂಟೆಯೊಳಗೆ ಡಾಕ್ಟರನ್ನು ಕಂಡರೆ ಒಂದೇ ಡೋಸ್ ಔಷಧಿಯಲ್ಲಿ ತಡೆಯಲು ಸಾಧ್ಯವಿದೆ. ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ಅದನ್ನೇ ನಂಬಿ ಕೂರಬೇಡಿ.

ಡಾಕ್ಟರ್ ಕೇಳಲಿ ಎಂದು ಕಾಯದೆ, "ಕಾಡಿಗೆ ಹೋಗಿದ್ದೆವು, ಲೈಮ್ ಇರಬಹುದಾ?" ಎಂದು ನೀವೇ ಬಾಯಿಬಿಟ್ಟು ಕೇಳಿ. ಆ ಕ್ಲಿನಿಕ್ಕಿನಲ್ಲಿ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.