ಹಗುರ ಅಲಾಯ್ ವೀಲ್ ಹಾಕಿಸುವ ಮೊದಲು ತಕ್ಕಡಿಗೆ ಹಾಕಿಸಿ

ವೇಗದ ಕಾರಿನ ಹುಚ್ಚು ಹತ್ತಿದವರ ಮುಂದೆ ಅಲಾಯ್ ವೀಲ್ ಅಂಗಡಿಯವರು ಹೇಳುವ ಮಾತೊಂದಿದೆ: ಚಕ್ರದಲ್ಲಿ ಒಂದು ಕಿಲೋ ಇಳಿಸಿದರೆ ಬಾಡಿಯಲ್ಲಿ ಹತ್ತು ಕಿಲೋ ಇಳಿಸಿದಂತೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಇದೇ ಮಾತು ಹೇಳಿ ನನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಕಾರಿಗೆ ನಾಲ್ಕು ಚಕ್ರಗಳನ್ನು ಮಾರಿದರು. ಅವುಗಳಲ್ಲಿ ಒಂದು ಹೆದ್ದಾರಿಯಲ್ಲಿ ಬಿರುಕು ಬಿಟ್ಟಿತು. ಉಳಿದವನ್ನು ಬಿಚ್ಚಿ ನೋಡಿದಾಗ ಹೇಳಿದ ತೂಕವೂ ಸುಳ್ಳು, ಹೇಳಿದ ತಯಾರಿಕೆಯೂ ಸುಳ್ಳು ಎಂಬುದು ಸ್ಪಷ್ಟವಾಯಿತು. ಇಂಥ ಚಕ್ರಗಳಿಗೆ ಮುಂಗಡ ಕೊಡಲು ಹೊರಟಿರುವವರು ಮೊದಲು ಇದನ್ನು ಓದಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಅವು 18 ಇಂಚಿನ ಚಕ್ರಗಳು; ಜಪಾನಿನ ರೇಯ್ಸ್ ಕಂಪನಿ 1996ರಲ್ಲಿ ತಂದ ಟಿಇ37 ವಿನ್ಯಾಸದ ನಕಲು. ಮೂಲ ಟಿಇ37ರ 15 ಇಂಚಿನ ಚಕ್ರ ಕೇವಲ 3.7 ಕಿಲೋ ತೂಗುತ್ತಿತ್ತು ಎಂಬ ಕಥೆಯನ್ನು ಅಂಗಡಿಯವರೇ ಸೊಗಸಾಗಿ ಹೇಳಿದರು. ತಮ್ಮ ಮಾಲು ನಕಲು ಎಂಬುದನ್ನು ಅವರು ಮುಚ್ಚಿಡಲಿಲ್ಲ. ವಿನ್ಯಾಸ ಮಾತ್ರ ನಕಲು, ಲೋಹ ಅಪ್ಪಟ ಫೋರ್ಜ್ಡ್ (ಅಚ್ಚಿಗೆ ಎರೆಯದೆ ಪ್ರೆಸ್ಸಿನಲ್ಲಿ ಒತ್ತಿ ಮಾಡಿದ್ದು), ಒಂದೊಂದೂ 8 ಕಿಲೋ ಎಂದರು. ಕಾರಿನ ಜೊತೆ ಬಂದ ಕಂಪನಿಯ ಚಕ್ರ ಸುಮಾರು 12 ಕಿಲೋ ಇರುವುದರಿಂದ ನಾಲ್ಕರಿಂದ 16 ಕಿಲೋ ಉಳಿಯುತ್ತದೆ, ಕಂಪನಿ ಹೇಳುವ 6.6 ಸೆಕೆಂಡಿನ ಸೊನ್ನೆಯಿಂದ ನೂರು ಕಿಲೋಮೀಟರ್ ವೇಗದ ಓಟ ಅರ್ಧ ಸೆಕೆಂಡ್ ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ಬಾಯಿಮಾತಿನಲ್ಲಿ ಇಷ್ಟೆಲ್ಲ ಇದ್ದರೂ ಬಿಲ್ಲಿನಲ್ಲಿ ಬರೆದದ್ದು ಅಲಾಯ್ ವೀಲ್, ಸಂಖ್ಯೆ ನಾಲ್ಕು ಎಂದಷ್ಟೇ. ಫೋರ್ಜ್ಡ್ ಎಂಬ ಪದವಾಗಲಿ, ತೂಕವಾಗಲಿ, ತಯಾರಕರ ಹೆಸರಾಗಲಿ ಆ ಕಾಗದದಲ್ಲಿ ಇರಲಿಲ್ಲ, ಮತ್ತು ಮುಂದೆ ಜಗಳ ಬಂದಾಗ ಅವರ ಕೈಗೆ ಸಿಕ್ಕ ದೊಡ್ಡ ಗುರಾಣಿ ಅದೇ ಆಯಿತು.

ಮೊದಲು ಆ ಹತ್ತು ಪಟ್ಟಿನ ಮಾತನ್ನು ನೋಡೋಣ. ಕಾರು ಓಡುವಾಗ ಚಕ್ರ ಕಾರಿನ ಜೊತೆ ಮುಂದಕ್ಕೂ ಸಾಗುತ್ತದೆ, ತನ್ನ ಸುತ್ತ ತಾನೂ ತಿರುಗುತ್ತದೆ. ಎಂಜಿನ್ ಈ ಎರಡಕ್ಕೂ ಶಕ್ತಿ ಒದಗಿಸಬೇಕು. ಒಂದು ಕಿಲೋ ತೂಕ ಟೈರಿನ ತೀರಾ ಹೊರ ಅಂಚಿನಲ್ಲಿದ್ದರೆ ತಿರುಗಲು ಬೇಕಾದ ಶಕ್ತಿ ಮುಂದೆ ಸಾಗಲು ಬೇಕಾದ ಶಕ್ತಿಯಷ್ಟೇ ಆಗುತ್ತದೆ. ಅಂದರೆ ವೇಗ ಹೆಚ್ಚಿಸಿಕೊಳ್ಳುವ ಲೆಕ್ಕದಲ್ಲಿ ಚಕ್ರದ ಒಂದು ಕಿಲೋ, ಬಾಡಿಯ ಎರಡು ಕಿಲೋಗಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ರಿಮ್ ಇರುವುದು ಟೈರಿನ ಒಳಗೆ, ಅದರ ಕಡ್ಡಿಗಳು ಇನ್ನೂ ಒಳಗೆ; ಆದ್ದರಿಂದ ರಿಮ್ಮಿನ ಮಟ್ಟಿಗೆ ಈ ಸಂಖ್ಯೆ ಒಂದೂವರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂಗಡಿಯವರು ಹೇಳಿದ 16 ಕಿಲೋ ಉಳಿತಾಯ ನಿಜವೇ ಆಗಿದ್ದರೂ ಅದು ಬಾಡಿಯ 24 ಕಿಲೋಗೆ ಸಮ. ಚಾಲಕನೂ ಸೇರಿ ಸುಮಾರು 1,500 ಕಿಲೋ ತೂಗುವ ಕಾರಿನಲ್ಲಿ ಇದು ಡಿಕ್ಕಿಯಿಂದ ಒಂದು ದೊಡ್ಡ ಸೂಟ್‌ಕೇಸ್ ಇಳಿಸಿದಷ್ಟು ಲಾಭ. ಸೊನ್ನೆಯಿಂದ ನೂರರ ಓಟದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ. ಅರ್ಧ ಸೆಕೆಂಡ್ ಎಲ್ಲಿಂದ ಬಂತೋ ಹೇಳಿದವರಿಗೇ ಗೊತ್ತು.

ಅಷ್ಟು ಅಗ್ಗದಲ್ಲಿ 16 ಕಿಲೋ ಉಳಿಯುವುದೇ ಅನುಮಾನಾಸ್ಪದ ಎನ್ನಲು ಇನ್ನೊಂದು ಉದಾಹರಣೆಯಿದೆ. 2017ರಲ್ಲಿ ಪೋರ್ಷೆ ಕಂಪನಿ 911 ಟರ್ಬೋ ಎಸ್‌ನ ವಿಶೇಷ ಆವೃತ್ತಿಗೆ ಕಾರ್ಬನ್ ನಾರಿನಿಂದ ಹೆಣೆದ ಚಕ್ರಗಳನ್ನು ತಂದಾಗ, ತನ್ನ ಸಾಮಾನ್ಯ ಅಲಾಯ್ ಚಕ್ರಗಳಿಗಿಂತ ನಾಲ್ಕೂ ಸೇರಿ ಉಳಿಸಿದ್ದು ಸುಮಾರು 8.5 ಕಿಲೋ. ಜರ್ಮನಿಯಲ್ಲಿ ಆ ನಾಲ್ಕು ಚಕ್ರಗಳ ಬೆಲೆ 15,000 ಯೂರೋ ದಾಟಿತ್ತು.

ಹಾಗೆಂದು ಹಗುರ ಚಕ್ರದಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಲಾಭ ಇರುವುದು ನೇರ ಓಟದಲ್ಲಿ ಅಲ್ಲ, ರಸ್ತೆಯ ಉಬ್ಬುತಗ್ಗಿನಲ್ಲಿ. ಚಕ್ರ, ಟೈರು, ಬ್ರೇಕ್ ಡಿಸ್ಕ್, ಅದನ್ನು ಅದುಮಿ ಹಿಡಿಯುವ ಕ್ಯಾಲಿಪರ್, ಚಕ್ರ ಕೂರುವ ಹಬ್ ಇವೆಲ್ಲ ಸ್ಪ್ರಿಂಗಿನ ಕೆಳಗಿರುವ ತೂಕ. ಈ ತೂಕ ಕಡಿಮೆಯಾದಷ್ಟೂ ಚಕ್ರ ನೆಲದಿಂದ ಎಗರಿದಾಗ ಸಸ್ಪೆನ್ಷನ್ ಅದನ್ನು ಬೇಗ ಮರಳಿ ನೆಲಕ್ಕೆ ಒತ್ತುತ್ತದೆ. ಚಕ್ರವೊಂದರಲ್ಲಿ ಉಳಿಯುವ ಮೂರು ಕಿಲೋ ಇಡೀ ಕಾರಿನ ತೂಕದ ಎದುರು ಏನೂ ಅಲ್ಲದಿದ್ದರೂ, ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಕೆಳಗಿರುವ ನಲವತ್ತು ಚಿಲ್ಲರೆ ಕಿಲೋಗಳ ಎದುರು ಅದು ಲೆಕ್ಕಕ್ಕೆ ಬರುವ ಭಾಗವೇ. ಒಳ್ಳೆಯ ಫೋರ್ಜ್ಡ್ ಚಕ್ರ ಹಾಕಿದ ಗೆಳೆಯರೊಬ್ಬರ ಕಾರನ್ನು ಓಡಿಸಿದಾಗ, ಒರಟು ಡಾಂಬರಿನ ತಿರುವಿನಲ್ಲಿ ಮುಂಭಾಗ ಹಿಡಿತ ಬಿಡದೆ ಸಾಗುವುದು ಕೈಗೆ ತಿಳಿಯುತ್ತಿತ್ತು. ನನಗೆ ಬೇಕಾಗಿದ್ದದ್ದೂ ಅದೇ.

ಸಿಕ್ಕಿದ್ದು ಬೇರೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯ 3.7 ಕಿಲೋಮೀಟರಿನ ರೇಸ್ ಟ್ರ್ಯಾಕಿನಲ್ಲಿ ಕೆಲವು ಸುತ್ತು ಜೋರಾಗಿ ಓಡಿಸಿದ ಮೇಲೆ, ನೂರರ ಆಸುಪಾಸಿನಲ್ಲಿ ಸ್ಟೀರಿಂಗ್ ಸಣ್ಣಗೆ ನಡುಗಲು ಶುರುವಾಯಿತು. ಚಕ್ರ ಸಮವಾಗಿ ತಿರುಗಲೆಂದು ರಿಮ್ಮಿಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕ ಉದುರಿರಬಹುದು ಎಂದು ಅಲ್ಲಿದ್ದವರು ಹುಡುಕಿದರು. ಎಲ್ಲವೂ ಅಂಟಿಕೊಂಡೇ ಇದ್ದವು. ಮರಳಿ ಬರುವಾಗ ಶ್ರೀಪೆರಂಬದೂರು ಮತ್ತು ವಾಲಾಜಾಪೇಟೆಯ ನಡುವೆ, ಅಗಲೀಕರಣದ ಕೆಲಸಕ್ಕಾಗಿ ರಸ್ತೆಯನ್ನು ಪಕ್ಕಕ್ಕೆ ತಿರುಗಿಸಿದ್ದ ಕಡೆ, ಹಳೆಯ ಡಾಂಬರಿನ ಅಂಚಿಗೆ ಎಡ ಮುಂಚಕ್ರ ಬಡಿಯಿತು. ದೊಡ್ಡ ಹೊಡೆತವೇನಲ್ಲ, ಆ ದಾರಿಯಲ್ಲಿ ಓಡಾಡುವವರು ಇಂಥವನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೈರ್ ಒತ್ತಡದ ದೀಪ ಹತ್ತಿತು, ಗಾಳಿ ತುಂಬಿಸಿದರೂ ವೆಲ್ಲೂರು ತಲುಪುವ ಹೊತ್ತಿಗೆ ಮತ್ತೆ ಹತ್ತಿತು.

ಅಲ್ಲಿನ ಪಂಕ್ಚರ್ ಅಂಗಡಿಯವರು ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುಗಿಸಿದರು. ಟೈರಿನ ಮೇಲಾಗಲಿ, ಪಕ್ಕದಲ್ಲಾಗಲಿ, ವಾಲ್ವಿನಲ್ಲಾಗಲಿ ಒಂದು ಗುಳ್ಳೆಯೂ ಏಳಲಿಲ್ಲ. ಗುಳ್ಳೆಗಳು ಎದ್ದದ್ದು ರಿಮ್ಮಿನ ಒಳಮೈಯಿಂದ, ಸಾಸಿವೆ ಕಾಳಿನಷ್ಟು ಸಣ್ಣವು, ಒಂದೇ ಸಾಲಿನಲ್ಲಿ. ಒರೆಸಿ ನೋಡಿದರೆ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಟೈರಿಗೆ ಗೀರು ಕೂಡ ಆಗದ ಹೊಡೆತಕ್ಕೆ ರಿಮ್ ಸೀಳಿತ್ತು. ಇಂಥ ಹೊಡೆತಕ್ಕೆ ಒಳ್ಳೆಯ ಫೋರ್ಜ್ಡ್ ಚಕ್ರ ಏನಾದರೂ ಆದರೆ ಬಾಗಬೇಕೇ ಹೊರತು ಬಿರಿಯಬಾರದು. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಊರು ಸೇರಿದೆವು.

ಬೆಂಗಳೂರಿನಲ್ಲಿ ನಮ್ಮ ಮೆಕ್ಯಾನಿಕ್ ಚಕ್ರಗಳನ್ನು ಬಿಚ್ಚಿದಾಗ ನಡುಕದ ಕಾರಣವೂ ಸಿಕ್ಕಿತು. ಈ ಕಾರಿನ ಹಬ್ಬಿನ ವ್ಯಾಸ 57.1 ಮಿಲಿಮೀಟರ್, ಅಂಗಡಿಯ ಚಕ್ರಗಳ ನಡು ರಂಧ್ರ ಹಲವು ಕಾರುಗಳಿಗೆ ಹೊಂದಲಿ ಎಂದು 73.1 ಇತ್ತು. ನಡುವಿನ ಜಾಗ ತುಂಬಲು ಹಾಕಿದ್ದ ಹಬ್ ರಿಂಗ್‌ಗಳು ಪ್ಲಾಸ್ಟಿಕ್ಕಿನವು; ಟ್ರ್ಯಾಕಿನಲ್ಲಿ ಕಾದ ಬ್ರೇಕುಗಳ ಬಿಸಿಗೆ ಮುಂದಿನ ಎರಡೂ ಮೆತ್ತಗಾಗಿ ಒಂದು ಕಡೆ ಜಜ್ಜಿಹೋಗಿದ್ದವು. ಚಕ್ರ ನಡುವಿನಿಂದ ಕೂದಲಷ್ಟು ಸರಿದರೆ ಸಾಕು, ನಡುಕ ಖಚಿತ.

ಇದಕ್ಕಿಂತ ಭಯಪಡಬೇಕಾದದ್ದು ಬೋಲ್ಟುಗಳು. ಈ ಕಾರಿನ ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ, ರಿಮ್ಮಿನಲ್ಲೂ ಅದಕ್ಕೆ ತಕ್ಕ ಬಟ್ಟಲಿನಂಥ ಕುಳಿ ಇರುತ್ತದೆ. ಹೊರಗಿನ ಅಂಗಡಿಗಳಲ್ಲಿ ಮಾರುವ ಚಕ್ರಗಳಲ್ಲಿ ಹೆಚ್ಚಿನವುಗಳ ಕುಳಿ 60 ಡಿಗ್ರಿಯ ಶಂಕುವಿನಾಕಾರದ್ದು, ಅದಕ್ಕೆ ಬೇರೆಯೇ ಬೋಲ್ಟು ಬೇಕು. ಅಂಗಡಿಯವರು ಹಳೆಯ ಬೋಲ್ಟುಗಳನ್ನೇ ಬಿಗಿದಿದ್ದರು. ಗುಂಡು ತಲೆ ಶಂಕುವಿನೊಳಗೆ ಮೈಯಿಟ್ಟು ಕೂರಲಾರದೆ ಒಂದು ತೆಳು ವೃತ್ತದಲ್ಲಿ ಮಾತ್ರ ತಾಗಿತ್ತು. ಪ್ರತಿ ಕುಳಿಯಲ್ಲೂ ಬಣ್ಣ ಉಜ್ಜಿಹೋಗಿ ದಾರದಂಥ ಒಂದು ಹೊಳೆಯುವ ಬಳೆ ಮೂಡಿತ್ತು. ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್ ತೋರಿಸಿದರೂ ಇಂಥ ಬಿಗಿತ ನಿಲ್ಲುವುದಿಲ್ಲ, ಬೋಲ್ಟು ಸಡಿಲಗೊಂಡು ಚಕ್ರವೇ ಕಳಚುವ ಸಾಧ್ಯತೆ ಇರುತ್ತದೆ. ನಾವು ಟ್ರ್ಯಾಕಿನಲ್ಲಿ ಓಡಿಸಿದ್ದು ಇದೇ ಚಕ್ರಗಳ ಮೇಲೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಟೈರು ಕಳಚಿದ ಚಕ್ರಗಳನ್ನು ಬೀದಿಯ ಕೊನೆಯ ಗುಜರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು ತೂಗಿದೆವು: ಒಂದೊಂದೂ 10.6 ಕಿಲೋ. ಕಂಪನಿಯ ಚಕ್ರ 11.9. ಉಳಿದದ್ದು ಚಕ್ರಕ್ಕೆ 1.3 ಕಿಲೋ, ಅಂದರೆ ಸೊನ್ನೆಯಿಂದ ನೂರಕ್ಕೆ ಸೆಕೆಂಡಿನ ಸುಮಾರು ಮೂವತ್ತನೇ ಒಂದು ಭಾಗ. ಪೀಣ್ಯದಲ್ಲಿ ಮೆಷಿನ್ ಶಾಪ್ ನಡೆಸುವ ಸ್ನೇಹಿತರು ಬಿರುಕು ಬಿಟ್ಟ ಚಕ್ರವನ್ನು ಅಡ್ಡಲಾಗಿ ಕೊಯ್ದು ತೋರಿಸಿದರು. ಕೊಯ್ದ ಮುಖದಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ ಬ್ಲೋಹೋಲ್‌ಗಳಿದ್ದವು; ಕರಗಿದ ಅಲ್ಯೂಮಿನಿಯಂ ಅಚ್ಚಿನಲ್ಲಿ ಗಟ್ಟಿಯಾಗುವಾಗ ಸಿಕ್ಕಿಕೊಂಡ ಗಾಳಿ ಅದು. ಬಿಸಿ ಲೋಹದ ದಿಮ್ಮಿಯನ್ನು ಭಾರಿ ಪ್ರೆಸ್ಸಿನಲ್ಲಿ ಒತ್ತಿ ಮಾಡುವ ಫೋರ್ಜ್ಡ್ ಚಕ್ರದಲ್ಲಿ ಇಂಥ ರಂಧ್ರಗಳು ಇರಬಾರದು. ಇದು ಸಾಮಾನ್ಯ ಎರಕದ ಚಕ್ರ, ತೂಕ ಇಳಿಸಲು ಒಳಮೈಯನ್ನು ತೆಳ್ಳಗೆ ಮಾಡಲಾಗಿದೆ ಎಂಬುದು ಅವರ ಅಭಿಪ್ರಾಯ. ಎರಕದ ಚಕ್ರವೆಂದರೆ ಕೆಟ್ಟದ್ದು ಎಂದೇನಿಲ್ಲ. ಕಾರು ಕಂಪನಿಗಳು ಕೊಡುವ ಹೆಚ್ಚಿನ ಅಲಾಯ್‌ಗಳು ಎರಕದವೇ. ಆದರೆ ಆ ಕಂಪನಿಗಳು ಶಕ್ತಿಗೆ ಬೇಕಾದಷ್ಟು ಲೋಹವನ್ನು ಉಳಿಸಿಕೊಂಡಿರುತ್ತವೆ.

ಚಕ್ರದ ಹಿಂಬದಿಯಲ್ಲಿ ಜೆಡಬ್ಲ್ಯುಎಲ್ ಎಂಬ ಅಕ್ಷರಗಳೂ ಇದ್ದವು. ಅದು ಅಲಾಯ್ ಚಕ್ರಗಳಿಗಿರುವ ಜಪಾನಿನ ಮಾನದಂಡವೇ ಸರಿ, ಆದರೆ ತಯಾರಕರು ತಾವೇ ಪರೀಕ್ಷಿಸಿಕೊಂಡು ತಾವೇ ಒತ್ತಿಕೊಳ್ಳುವ ಗುರುತು. ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದರೆ ಅದರ ಜೊತೆಗೆ ವಿಐಎ ಗುರುತು ಇರುತ್ತದೆ. ಅಚ್ಚಿನಲ್ಲಿ ಅಕ್ಷರ ಕೆತ್ತಲು ಯಾರ ಅಪ್ಪಣೆಯೂ ಬೇಕಿಲ್ಲವಾದ್ದರಿಂದ ಗುರುತು ನೋಡಿದ್ದಕ್ಕೇ ಸಮಾಧಾನಪಡದೆ, ತಯಾರಕರ ಹೆಸರು, ಮಾದರಿ ಸಂಖ್ಯೆ, ಚಕ್ರ ಹೊರಬಲ್ಲ ತೂಕ ಇವು ಮೂರನ್ನೂ ಹುಡುಕಿ. ಹೊರಬಲ್ಲ ತೂಕ ನಿಮ್ಮ ಕಾರಿನ ಹೆಚ್ಚು ಭಾರದ ಆಕ್ಸಲ್‌ಗೆ (ಮುಂದಿನ ಇಲ್ಲವೇ ಹಿಂದಿನ ಚಕ್ರದ ಜೋಡಿಗೆ) ನಮೂದಿಸಿದ ತೂಕದ ಅರ್ಧಕ್ಕಿಂತ ಕಡಿಮೆ ಇರಕೂಡದು. ನನ್ನ ಚಕ್ರಗಳಲ್ಲಿ ಆ ಸಂಖ್ಯೆಯೇ ಇರಲಿಲ್ಲ.

ಅಂಗಡಿಯವರು ಹಣ ಮರಳಿಸಲು ಒಪ್ಪಲಿಲ್ಲ. ಟ್ರ್ಯಾಕಿನಲ್ಲಿ ಓಡಿಸಿದರೆ ವಾರಂಟಿ ಇಲ್ಲ ಎಂದರು. ರೇಸಿಂಗ್ ಚಕ್ರ ಎಂದು ಮಾರಿದವರೂ ಅವರೇ. ಬಿರುಕನ್ನು ಆರ್ಗಾನ್ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದು ಕೊಡುತ್ತೇವೆ, ಗೊತ್ತೇ ಆಗುವುದಿಲ್ಲ ಎಂದದ್ದು ಅವರ ಕೊನೆಯ ಔದಾರ್ಯ. ಗೊತ್ತಾಗದಿರುವುದೇ ಅಪಾಯ: ಅಲ್ಯೂಮಿನಿಯಂ ಚಕ್ರಕ್ಕೆ ಶಕ್ತಿ ಬರುವುದು ಕಾಯಿಸಿ ತಣಿಸಿ ಹದ ಮಾಡುವುದರಿಂದ, ವೆಲ್ಡಿಂಗಿನ ಬಿಸಿಗೆ ಸುತ್ತಲಿನ ಲೋಹದ ಆ ಹದ ಹೋಗಿಬಿಡುತ್ತದೆ. ವಿಮೆಯ ಸರ್ವೇಯರ್ ಕೂಡ, ಪಾಲಿಸಿಯಲ್ಲಿ ತೋರಿಸದ, ಹೊರಗೆ ಹಾಕಿಸಿದ ಚಕ್ರಕ್ಕೆ ಪರಿಹಾರವಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಇದೇ ಹಣವನ್ನು ಒಳ್ಳೆಯ ಟೈರುಗಳಿಗೆ, ಬ್ರೇಕ್ ಪ್ಯಾಡಿಗೆ, ಹೊಸ ಬ್ರೇಕ್ ಆಯಿಲ್ಲಿಗೆ ಹಾಕಿದ್ದರೆ ಟ್ರ್ಯಾಕಿನಲ್ಲಿ ಸಿಗುವ ಲಾಭ ಚಕ್ರದ ಯಾವ ಲೆಕ್ಕಕ್ಕೂ ನಿಲುಕದಷ್ಟಿತ್ತು. ಈಗ ಕಂಪನಿಯ ಚಕ್ರಗಳ ಮೇಲೆ ಅದನ್ನೇ ಮಾಡಿಸಿದ್ದೇನೆ. ಚಕ್ರವೇ ಬೇಕೆನ್ನುವವರು ಟೈರು ಏರಿಸುವ ಮೊದಲು ಅಂಗಡಿಯಲ್ಲೇ ನಿಮ್ಮೆದುರು ತೂಗಿಸಿ, ಆ ತೂಕವನ್ನೂ ತಯಾರಿಕೆಯ ವಿಧಾನವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಿ ಅಚ್ಚಿನ ಒರಟು ಮೈ ಕಂಡರೆ ಫೋರ್ಜ್ಡ್ ಎಂಬ ಮಾತನ್ನು ನಂಬಬೇಡಿ. ಹಬ್ ರಿಂಗ್ ಅಲ್ಯೂಮಿನಿಯಂನದ್ದೇ ಇರಲಿ, ಬೋಲ್ಟು ಕುಳಿಗೆ ಹೊಂದುವುದನ್ನು ಕಣ್ಣಾರೆ ನೋಡಿ. ಸೆಕೆಂಡ್ ಹ್ಯಾಂಡ್ ಸೆಟ್ ಆದರೆ ಒಳಮೈಗೆ ಟಾರ್ಚ್ ಬಿಟ್ಟು, ಗ್ರೈಂಡ್ ಮಾಡಿ ಹೊಸ ಬಣ್ಣ ಹೊಡೆದ ತೇಪೆಯಿದೆಯೇ ಎಂದು ಪರೀಕ್ಷಿಸಿ. ಏಕೆಂದರೆ ನನ್ನ ಉಳಿದ ಮೂರು ಚಕ್ರಗಳನ್ನು ಒಳ್ಳೆಯ ಬೆಲೆಗೆ ಕೊಳ್ಳಲು ಮುಂದೆ ಬಂದವರು ಬೇರೆ ಯಾರೂ ಅಲ್ಲ, ಅದೇ ಅಂಗಡಿಯವರು. ಬಿರುಕು ಬಿಟ್ಟದ್ದನ್ನೂ ಜೊತೆಗೆ ಕೊಡಿ ಎಂದು ಕೇಳಿದರು.