ಗೊಬ್ಬರವೋ, ಜೀವಾಣುವೋ: ಸೊರಗಿದ ಮಣ್ಣಿಗೆ ಯಾವುದು ಮೊದಲು?

ದೇವನಹಳ್ಳಿ, ಹೊಸಕೋಟೆ ಕಡೆಯ ಕೆಂಪು ಮಣ್ಣು ಮಳೆ ನಿಂತು ಒಣಗಿದರೆ ಮೇಲ್ಪದರ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಇಂಥ ಕಡೆ ನನ್ನ ವೋಟು ಕೊಟ್ಟಿಗೆ ಗೊಬ್ಬರಕ್ಕೇ. ರಾಗಿಗೆ ಎಕರೆಗೆ 3-4 ಟನ್ ಬೇಕು, ಸಾಗಣೆ, ಕೂಲಿ ಸೇರಿ ಖರ್ಚು ಜಾಸ್ತಿ. ಆದರೆ ಮಣ್ಣಿಗೆ ನೀರು ಹಿಡಿಯುವ ಗುಣ ಬರುವುದು ಇದರಿಂದಲೇ. ಚೆನ್ನಾಗಿ ಕಳಿತಿರಬೇಕು, ಹಸಿ ಸಗಣಿ ಹಾಕಿದರೆ ಗೊಣ್ಣೆಹುಳುವಿನ ಕಾಟ.

ಜೀವಾಣು ಗೊಬ್ಬರ, ಅಂದರೆ ಬೆಳೆಗೆ ಪೋಷಕಾಂಶ ಒದಗಿಸುವ ಜೀವಂತ ಸೂಕ್ಷ್ಮಜೀವಿಗಳ ಪುಡಿ, ಅಗ್ಗ. ರಾಗಿಗೆ ಅಜೋಸ್ಪಿರಿಲಮ್, ಅವರೆ-ತೊಗರಿಗೆ ರೈಜೋಬಿಯಂ; ಎರಡೂ ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುವ ಬ್ಯಾಕ್ಟೀರಿಯಾಗಳು. ತಣ್ಣಗಾದ ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತಿದರಾಯಿತು. ಪೊಟ್ಟಣದ ಮೇಲಿನ ಕೊನೆಯ ದಿನಾಂಕ ನೋಡಿ. ಅಂಗಡಿಯವರು ಬಿಸಿಲಲ್ಲಿ ಇಟ್ಟಿದ್ದರೆ ಜೀವಾಣು ಸತ್ತು, ನೀವು ಕೊಳ್ಳುವುದು ಸುಮ್ನೆ ಕರಿ ಪುಡಿ. ಇನ್ನೊಂದು ಮಾತು: ಸಾವಯವ ಅಂಶವೇ ಇಲ್ಲದ ಮಣ್ಣಿನಲ್ಲಿ ಈ ಜೀವಾಣುಗಳು ಏನು ತಿಂದು ಬದುಕಬೇಕು, ಅಲ್ವಾ? ಹಾಗಾಗಿ ಗೊಬ್ಬರ ಮೊದಲು, ಜೀವಾಣು ಆಮೇಲೆ. ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಬರಿಸುವ ಜೀವಾಮೃತಕ್ಕೂ ಇದೇ ಮಾತು.

ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಯ ನೀರು ಹರಿದ ಹೊಲದ ಲೆಕ್ಕವೇ ಬೇರೆ. ಎಣ್ಣೆಯಂಥ ಕೊಳೆಯನ್ನು ಕೆಲವು ಸೂಕ್ಷ್ಮಜೀವಿಗಳು ನಿಧಾನಕ್ಕೆ ತಿಂದು ಕರಗಿಸುತ್ತವೆ. ಸೀಸ, ಕ್ಯಾಡ್ಮಿಯಂನಂಥ ವಿಷಕಾರಿ ಲೋಹಗಳು ಹಾಗಲ್ಲ. ಯಾವ ಜೀವಾಣುವೂ ಲೋಹವನ್ನು ಇಲ್ಲವಾಗಿಸದು. ಕಾಂಪೋಸ್ಟ್ ಅದನ್ನು ಒಂದಷ್ಟು ಹಿಡಿದಿಟ್ಟು, ಬೆಳೆಗೆ ಏರುವುದನ್ನು ತಗ್ಗಿಸಬಹುದು, ಅಷ್ಟೇ. ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ನಲ್ಲೇ ಲೋಹ ಇರಬಹುದು, ಪರೀಕ್ಷೆಯ ವರದಿ ಕೇಳಿಯೇ ತನ್ನಿ. ಅಂಥ ಹೊಲದಲ್ಲಿ ಸೊಪ್ಪು ಬೇಡ, ಹೂವು ಬೆಳೆಯಿರಿ. ಮಣ್ಣು ಪರೀಕ್ಷೆ ಮಾಡಿ ಸರ್ಕಾರ ಕೊಡುವ ಮಾಮೂಲಿ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸೀಸ, ಕ್ಯಾಡ್ಮಿಯಂ ಬರುವುದಿಲ್ಲ. ಆ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು.